ಊಹೂಂ ಎಂದ ಬಸವ

ಬಹಳ ಹಿಂದೆ, ದಾರಿಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಮಂಜೀರಪುರವೆಂಬ ರಾಜ್ಯವಿತ್ತು. ಅಲ್ಲಿಯ ರಾಜ ಮಕರಂದನಿಗೆ ಪ್ರಾಣಿಗಳ ಆಟವೆಂದರೆ ಪಂಚಪ್ರಾಣ. ಕರಡಿ ಕುಣಿಯಬೇಕು, ಗಿಳಿ ಹಾಡಬೇಕು, ಹುಲಿ ಬೆಂಕಿಯ ಬಳೆ ಹಾರಬೇಕು, ಇವನು ಚಪ್ಪಾಳೆ ತಟ್ಟಬೇಕು. ರಾಜ್ಯಭಾರ ಅದರ ಪಾಡಿಗೆ ಅದು ನಡೆಯುತ್ತಿತ್ತು. ಆಟ ಆಡಿಸುತ್ತಿದ್ದವನು ಗರಳಕನೆಂಬ ಮಾಂತ್ರಿಕ. ಆ ಪ್ರಾಣಿಗಳೆಲ್ಲ ಒಂದು ಕಾಲಕ್ಕೆ ಮನುಷ್ಯರಾಗಿದ್ದವು. ರಾಜನಿಗೆ ಅದು ಗೊತ್ತಿರಲಿಲ್ಲ, ಅವನು ಕೇಳಿರಲೂ ಇಲ್ಲ.

ಆ ಊರಿಗೆ ದ್ಯಾವ ಮತ್ತು ಅವನ ತಂಗಿ ಕೆಂಚಿ ಕೋಲೆಬಸವನನ್ನು ಹೊಡೆದುಕೊಂಡು ಬಂದರು. ಅಣ್ಣ ಡೋಲು ಬಾರಿಸುವನು, ತಂಗಿ ಪ್ರಶ್ನೆ ಕೇಳುವಳು, ಸಿಂಗರಿಸಿದ ಬಸವ ಹೂಂ ಎಂದೋ ಊಹೂಂ ಎಂದೋ ತಲೆಯಾಡಿಸುವುದು. ಗರಳಕ ಬಸವನ ಮೇಲೆ ಕಣ್ಣು ಹಾಕಿದ.

"ಇವನು ನಮ್ಮನೆ ಮಗ ಸ್ವಾಮಿ, ಕೊಡಾಕಾಗಕಿಲ್ಲ" ಎಂದ ದ್ಯಾವ.

"ಹಾಗಾದರೆ ನೀನೇ ಬಾ" ಎಂದು ಗರಳಕ ಕೋಲು ಬೀಸಿದ. ದ್ಯಾವ ಬಿಳಿ ಎತ್ತಾದ.

ಕೆಂಚಿ ಅಳುತ್ತ ಕೂರಲಿಲ್ಲ. ಬಸವನನ್ನು ಬೀದಿಯ ಮರಕ್ಕೆ ಕಟ್ಟಿ, ಡೋಲು ಹೆಗಲಿಗೆ ಹಾಕಿಕೊಂಡು ನೇರ ಆಸ್ಥಾನಕ್ಕೆ ನುಗ್ಗಿದಳು.

"ಬುದ್ಧೀ, ಈವಯ್ಯ ನಮ್ಮಣ್ಣನ್ನ ಎತ್ತು ಮಾಡವ್ನೆ!"

ರಾಜ ಇದೂ ಒಂದು ಆಟವೆಂದೇ ತಿಳಿದು ಖುಷಿಯಾದ. ಗರಳಕ ಮೀಸೆ ತಿರುವಿದ. "ಮೂರು ಪರೀಕ್ಷೆ ಕೊಡುತ್ತೇನೆ. ಗೆದ್ದರೆ ಅಣ್ಣನನ್ನು ಕರೆದುಕೊಂಡು ಹೋಗು. ಸೋತರೆ ಅವನ ಪಕ್ಕದಲ್ಲಿ ನಿನಗೂ ಒಂದು ಗೂಟ."

"ಆಗ್ಲಿ" ಎಂದಳು ಕೆಂಚಿ.

ಮೊದಲ ಪರೀಕ್ಷೆಗೆ ಅಂಗಳದ ತುಂಬ ಬಿಳಿ ಎತ್ತುಗಳು ನಿಂತವು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕೆಂಚಿ ಡೋಲು ಬಾರಿಸಿದಳು, ಬೇಕೆಂದೇ ತಾಳ ತಪ್ಪಿಸಿ, ಕೇಳುವವರ ಕಿವಿ ನೋಯುವ ಹಾಗೆ. ಎತ್ತುಗಳು ಸುಮ್ಮನೆ ಮೆಲುಕು ಹಾಕುತ್ತಿದ್ದವು. ಮೂಲೆಯಲ್ಲಿದ್ದ ಒಂದು ಮಾತ್ರ ತಡೆಯಲಾರದೆ ಕಾಲು ಅಪ್ಪಳಿಸಿ, ಅವಳನ್ನು ದುರುಗುಟ್ಟಿ ನೋಡಿತು.

"ಇವ್ನೇ ನಮ್ಮಣ್ಣ" ಎಂದಳು.

ಎರಡನೆಯ ಪರೀಕ್ಷೆ, ಹುಲಿಯ ಎದುರಿನಲ್ಲಿ ಆ ಎತ್ತಿಗೆ ಜೂಲು ಹೊದಿಸಬೇಕು. ಜೂಲೆಂದರೆ ಬಸವನ ಬೆನ್ನಿನ ಬಣ್ಣದ ಹೊದಿಕೆ, ಒಬ್ಬರೇ ಹೊದಿಸಬಹುದಾದ ವಸ್ತುವಲ್ಲ. ಕೆಂಚಿ ಜೂಲು ಹಿಡಿದು ಹುಲಿಯ ಎದುರು ಹೋಗಿ ನಿಂತಳು. ಅದರ ಕಣ್ಣಿನಲ್ಲಿ ಅವಳಿಗೆ ಸಿಟ್ಟಿಗಿಂತ ಬೇಸರ ಹೆಚ್ಚು ಕಂಡಿತು.

"ಅಣ್ಣಾ, ಒಸಿ ಆ ತುದಿ ಹಿಡ್ಕೊಂತೀಯಾ?" ಎಂದಳು.

ತನ್ನನ್ನು ಯಾರಾದರೂ ಅಣ್ಣಾ ಎಂದು ಕರೆದು ಹುಲಿಗೆ ಎಷ್ಟು ಕಾಲವಾಗಿತ್ತೋ! ಅದು ಮೆಲ್ಲಗೆ ಬಂದು ಜೂಲಿನ ತುದಿಯನ್ನು ಹಲ್ಲಿನಲ್ಲಿ ಹಿಡಿದು, ಸುಕ್ಕಿಲ್ಲದಂತೆ ಎಳೆದು ಕೊಟ್ಟಿತು.

ಗರಳಕನ ಮುಖ ಕಪ್ಪಿಟ್ಟಿತು. "ಕೊನೆಯದು. ನಿನ್ನ ಅಣ್ಣನಿಗೆ ಇಲ್ಲಿಂದ ನಿನ್ನ ಜೊತೆ ಬರುವ ಮನಸ್ಸಿದೆ ಎಂದು ಅವನೇ ತಲೆಯಾಡಿಸಿ ಸಭೆಗೆ ತಿಳಿಸಲಿ." ಹೀಗೆಂದವನೇ, ಯಾರು ಏನೇ ಕೇಳಿದರೂ ಎತ್ತು ಊಹೂಂ ಎನ್ನುವಂತೆ ಗುಟ್ಟಾಗಿ ಮಂತ್ರ ಹಾಕಿದ. ಬಾ ಎಂದು ಕರೆಯದೆ ಈ ಹುಡುಗಿ ಇನ್ನೇನು ಕೇಳಿಯಾಳು ಎಂದು ಅವನ ಲೆಕ್ಕ.

ಆದರೆ ಕೋಲೆಬಸವನವರು ಎಂದೂ ಮೊದಲಿಗೇ ಮುಖ್ಯ ಮಾತು ಕೇಳುವುದಿಲ್ಲ. ಬಸವನ ತಲೆ ಇವತ್ತು ಯಾವ ಕಡೆಗೆ ವಾಲುತ್ತದೆಂದು ಸಣ್ಣ ಪುಟ್ಟ ಪ್ರಶ್ನೆ ಹಾಕಿ ನೋಡುತ್ತಾರೆ. ಆಮೇಲೆ ಆ ತಲೆಗೆ ತಕ್ಕ ಪ್ರಶ್ನೆ ಕಟ್ಟುತ್ತಾರೆ.

"ಅಣ್ಣಾ, ಹೊಟ್ಟೆ ಹಸಿದೈತಾ?"

ಊಹೂಂ.

"ಅವ್ವ ಸುಟ್ಟ ರೊಟ್ಟಿ ಬೇಕಾ?"

ಊಹೂಂ. ಎತ್ತಿನ ಕಣ್ಣಲ್ಲಿ ನೀರು ಬಂತು. ಅವ್ವನ ರೊಟ್ಟಿಗೆ ದ್ಯಾವ ಬೇಡವೆಂದ ದಿನವೇ ಇರಲಿಲ್ಲ. ಕೆಂಚಿಗೆ ಎಲ್ಲ ತಿಳಿದುಹೋಯಿತು. ಡೋಲಿಗೆ ಒಂದು ಪೆಟ್ಟು ಕೊಟ್ಟು ಸಭೆಗೆಲ್ಲ ಕೇಳುವಂತೆ ಕೂಗಿದಳು.

"ಅಣ್ಣಾ, ಈ ಮಾಟಗಾರನ ತಾವೇ ಇದ್ಬುಡ್ತೀಯಾ?"

ಊಹೂಂ! ಎತ್ತು ಕೊಂಬು ಬೀಸಿ ಬೀಸಿ ಅಡ್ಡ ತಲೆಯಾಡಿಸಿತು. ಹಾಗೆ ಆಡಿಸುತ್ತಲೇ ಕೊಂಬು ಉದುರಿ, ಜೂಲು ಹೊದ್ದ ದ್ಯಾವ ಎದ್ದು ನಿಂತ. ಕೆಂಚಿ ಅವನನ್ನು ತಬ್ಬಿಕೊಂಡು, ಅಲ್ಲಿಯತನಕ ತಡೆದಿದ್ದ ಅಳುವನ್ನೆಲ್ಲ ಅತ್ತಳು.

"ಹಿಡಿಯಿರಿ ಇವರನ್ನು! ಸೀಳಿಹಾಕಿ!" ಎಂದು ಗರಳಕ ಪ್ರಾಣಿಗಳಿಗೆ ಅರಚಿದ.

ಕೆಂಚಿ ಕಣ್ಣೊರೆಸಿಕೊಂಡು ಅವುಗಳ ಕಡೆ ತಿರುಗಿದಳು. "ಇವನ ಮಾತು ಕೇಳ್ತೀರೇನ್ರಪ್ಪಾ?"

ಅವುಗಳ ಮೇಲೆ ಯಾರೂ ಊಹೂಂ ಮಂತ್ರ ಹಾಕಿರಲಿಲ್ಲ. ಹುಲಿ ಒಮ್ಮೆ ಗರಳಕನನ್ನು ನೋಡಿ ನಿಧಾನವಾಗಿ ಅಡ್ಡ ತಲೆಯಾಡಿಸಿತು. ಕರಡಿ ಆಡಿಸಿತು, ಗಿಳಿ ಆಡಿಸಿತು. ಒಂದೊಂದು ತಲೆ ಆಡಿದಂತೆಲ್ಲ ಒಬ್ಬೊಬ್ಬ ಮನುಷ್ಯ ಎದ್ದು ನಿಂತ. "ಕುಣಿ! ಕುಣಿ!" ಎಂದು ಗರಳಕ ಕೋಲು ಬೀಸಿದ. ಮಂತ್ರಕ್ಕೆ ಕುಣಿಯುವವರು ಯಾರೂ ಸಿಗದೆ ಅದು ಅವನ ಕಾಲಿಗೇ ಹತ್ತಿಕೊಂಡಿತು. ಕುಣಿಯುತ್ತ ಕುಣಿಯುತ್ತ ಅವನು ರಾಜ್ಯದ ಗಡಿ ದಾಟಿಹೋದ.

ಅಭ್ಯಾಸಬಲದಿಂದ ಚಪ್ಪಾಳೆಗೆ ಎತ್ತಿದ ಕೈಯನ್ನು ರಾಜ ನಾಚಿ ಇಳಿಸಿದ. ಸಿಂಹಾಸನದಿಂದ ಕೆಳಗಿಳಿದು ಒಬ್ಬೊಬ್ಬರ ಹೆಸರನ್ನೂ ಕೇಳಿದ.

ಅಂದಿನಿಂದ ಮಂಜೀರಪುರದಲ್ಲಿ ಆಟಕ್ಕೆ ಮೊದಲು ಪ್ರಾಣಿಯನ್ನೇ ಕೇಳುವುದು ಪದ್ಧತಿಯಾಯಿತು. ಅದು ಊಹೂಂ ಎಂದರೆ ಅವತ್ತು ಆಟವಿಲ್ಲ. ಹಾಗೆ ಎಷ್ಟೋ ಸಂಜೆ ರಾಜನೂ ಜನರೂ ಬಂದ ದಾರಿಯಲ್ಲೇ ನಗುತ್ತ ಮನೆಗೆ ಮರಳಿ, ಉಂಡು, ಸುಖವಾಗಿ ಮಲಗಿದ್ದಾರೆ.