ನೆಟ್ಟಗೆ ಬಂದ ಮೇಲ್

ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯವರು ಬಾಗಿಲು ತೆಗೆದಾಗ ಕೆಲಸಗಾರ ದುರಗಪ್ಪ ಪ್ರೆಸ್ ಮಷೀನಿನಲ್ಲಿ ಸಿಕ್ಕಿಕೊಂಡಿದ್ದ. ಹೆಗಲವರೆಗೆ ಒಳಗೆ. ಜೀವ ಹೋಗಿತ್ತು.

ಕೈ ಒಳಗಿದ್ದರೆ ಚೀನಾದ ಆ ಮಷೀನು ತಾನಾಗಿ ನಿಲ್ಲಬೇಕು. ನಿಂತಿರಲಿಲ್ಲ. ಯಾರೋ ಸೆನ್ಸರಿನ ವೈರು ಕತ್ತರಿಸಿ ನೇರ ಜೋಡಿಸಿದ್ದರು.

ಮಾಲೀಕ ಗುರುಪಾದ ಇನ್‌ಸ್ಪೆಕ್ಟರ್ ನಾಗರತ್ನಾಳ ಮುಂದೆ ಒಂದು ಪ್ರಿಂಟ್ ಇಟ್ಟ. ಮಷೀನ್ ಕಂಪನಿಯ ಮೇಲ್. ಮೇಲೆ ಚೀನೀ ಲಿಪಿ, ಕೆಳಗೆ ಅನುವಾದ: ‘ಸೆನ್ಸರ್ ತಪ್ಪಿಸುವ ದಾರಿ ಹೇಳಿ ಎಂದು ನಿಮ್ಮ ಮೆಕ್ಯಾನಿಕ್ ಇಕ್ಬಾಲ ನಮಗೆ ಬರೆದಿದ್ದಾರೆ.’

“ಅವಗೂ ದುರಗಪ್ಪಗೂ ಜಗಳ ಇತ್ರಿ ಮೇಡಂ. ಬೇಕಂತಲೇ ಮಾಡ್ಯಾನ.”

ಸಂಜೆಯೊಳಗೆ ಇಕ್ಬಾಲ ಲಾಕಪ್ಪಿನಲ್ಲಿದ್ದ. ಕೊಲೆ ಆರೋಪ.

* * *

ಠಾಣೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಮೈಮುನಾ ಕೂತಿದ್ದಳು.

“ಸೆನ್ಸರ್ ಕೆಟ್ಟೈತಿ ಅಂತ ನಮ್ಮನಿಯವರು ಮಷೀನ್ ಬಂದ್ ಮಾಡಿದ್ರು. ಅದಕ್ಕ ಸಾಹುಕಾರ್ರ ಕಡೆ ಬೈಸ್ಕೊಂಡು ಬಂದಿದ್ರು. ಬಂದ್ ಮಾಡಾವ್ರು ವೈರ್ ಯಾಕ ಜೋಡಸ್ತಾರ್ರಿ?”

ನಾಗರತ್ನಾ ಜೀಪು ಹತ್ತಿ ಕಾರ್ಖಾನೆಯ ಆಫೀಸಿಗೆ ಹೋದಳು. ಅಲ್ಲಿಯ ಗುಮಾಸ್ತೆ ಜೋಯಾ ವೆಬ್‌ಮೇಲ್ ತೆಗೆದಳು. ಚೀನೀ ಕಂಪನಿಯ ಮೇಲ್‌ಗಳಲ್ಲೆಲ್ಲ ಬರೀ ಕಸ. ತಲೆಯ ಮೇಲೆ ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು.

“ಏನವಾ ಇದು, ಇಲಿ ಕಡದಂಗ?”

ಜೋಯಾ ನಕ್ಕಳು. “ಅವರವು ಹಿಂಗ ಬರೋದ್ರಿ. ಹಳೇ ಚೀನೀ ಅಕ್ಷರದ ಕೋಡಿನ್ಯಾಗ ಕಳಸ್ತಾರ, ಯಾವ ಕೋಡ್ ಅಂತ ಹೇಳಂಗಿಲ್ಲ. ವೆಬ್‌ಮೇಲಿಗೆ ತಿಳಿಯಂಗಿಲ್ಲ. ನಾನು ಮೆನುದಾಗ ಕೋಡ್ ಬದಲಿಸಿ, ನೆಟ್ಟಗ ಮಾಡಿ, ಪ್ರಿಂಟ್ ತಗದು ಸಾಹುಕಾರ್ರಿಗೆ ಕೊಡ್ತೇನಿ.”

“ಅವರು ಇಲ್ಲಿ ನೋಡಂಗಿಲ್ಲೇನು?”

“ಎಲ್ಲಿದ್ರಿ! ಹೋದ ವಾರ ಅಣ್ಣನ ನಿಕಾಹ್‌ಕ್ಕ ರಜಾ ಹಾಕಿದ್ದೆ. ಆವಾಗಷ್ಟ ನೋಡಿರಬೇಕು.”

ನಾಗರತ್ನಾ ಇಕ್ಬಾಲನ ಹೆಸರಿದ್ದ ಮೇಲ್ ತೆರೆದಳು. ಸ್ಪಷ್ಟ ಚೀನೀ ಅಕ್ಷರಗಳು.

“ಇದನ್ನ ನೀ ಸರಿ ಮಾಡೀಯೇನು?”

“ಇಲ್ರಿ. ಇದು ತಾನ ನೆಟ್ಟಗ…” ಜೋಯಾಳ ನಗು ನಿಂತಿತು.

ಅದರ ಕೆಳಗೆ ಯಾರೂ ತೆರೆಯದ ಒಂದು ಮೇಲ್ ಇತ್ತು. ದುರಗಪ್ಪ ಸಾಯುವ ಹಿಂದಿನ ದಿನದ್ದು. ವಿಷಯದ ಸಾಲೂ ಕಸ. ನಾಗರತ್ನಾ ತೆರೆದಳು. ತುದಿಯಲ್ಲಿ ಎರಡು ಸಾಲು ಮಾತ್ರ ಶುದ್ಧ ಇಂಗ್ಲಿಷಿನಲ್ಲಿದ್ದವು. ಹಳೇ ಚೀನೀ ಕೋಡಿನಲ್ಲೂ ಇಂಗ್ಲಿಷ್ ಅಕ್ಷರ ಕೆಡುವುದಿಲ್ಲ.

ಓದಿ ಮುಗಿಸಿ ಅವಳು ಹೇಳಿದಳು. “ಈಗ ಕೋಡ್ ಬದಲಿಸು.”

* * *

“ಇಕ್ಬಾಲನ ಹೆಸರಿದ್ದ ಮೇಲ್ ನೀವ ಬರದದ್ದು,” ನಾಗರತ್ನಾ ಗುರುಪಾದನಿಗೆ ಹೇಳಿದಳು. “ಕಂಪನಿಯ ಖರೇ ಮೇಲ್ ಒಂದೂ ನೆಟ್ಟಗ ಬಂದಿಲ್ಲ. ನೀವು ನೋಡಿದ್ದು ಜೋಯಾ ಸರಿ ಮಾಡಿದ ಪ್ರಿಂಟ್ ಅಷ್ಟ. ಖರೇದವು ಕಸ ಆಗಿ ಬರ್ತಾವ ಅಂತ ನಿಮಗ ಗೊತ್ತಿರಲಿಲ್ಲ, ಅದಕ್ಕ ನಿಮ್ಮದು ಚಂದಾಗಿ ಬಂತು. ಅದು ಎಲ್ಲಿಂದ ಹೊಂಟಿತು ಅಂತ ಹುಡುಕಿಸಿದೆ. ಬೈರಿದೇವರಕೊಪ್ಪದ ನಿಮ್ಮ ಮನಿ ನೆಟ್ಟಿನಿಂದ.”

“ಸುಳ್ಳ್ರಿ.”

“ಸೆನ್ಸರ್ ಬಿಟ್ಟು ಓಡಸೋದು ಹೆಂಗ ಅಂತ ಕಂಪನಿಗೆ ಕೇಳಿದವ್ರೂ ನೀವ.”

“ಅವರು ಉತ್ತರಾನ ಕೊಡಲಿಲ್ಲಲ್ರಿ!”

ಗುರುಪಾದ ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

“ಕೊಟ್ಟಿದ್ರು. ಕಸ ಅಂತ ನೀವು ತಗೀಲಿಲ್ಲ, ನೀವ ವೈರ್ ಜೋಡಿಸಿ ಮಷೀನ್ ಓಡಿಸಿದ್ರಿ. ನಿಮ್ಮ ಪ್ರಶ್ನಿ, ನಿಮ್ಮ ಹೆಸರು ಕೆಳಗ ಇಂಗ್ಲಿಷಿನ್ಯಾಗ ಹಂಗ ಐತಿ.” ನಾಗರತ್ನಾ ಹೊಸ ಪ್ರಿಂಟ್ ಓದಿದಳು. “‘ಮಷೀನ್ ನಿಲ್ಲಿಸಿ. ಸೆನ್ಸರ್ ಇಲ್ಲದೆ ಓಡಿಸಿದರೆ ಮನುಷ್ಯ ಸಾಯುತ್ತಾನೆ.’”

* * *

ಇಕ್ಬಾಲ ಹೊರಬಂದಾಗ ಮೈಮುನಾ ಎದ್ದು ನಿಂತಳು. ಅವನು ಅವಳತ್ತ ನೋಡಲಿಲ್ಲ.

“ಮೇಡಂ, ದುರಗಪ್ಪಗ ಮಣ್ಣು ಕೊಟ್ರೇನ್ರಿ?”

“ನಿನ್ನೆನ ಆತು.”

ಇಕ್ಬಾಲ ಮೆಟ್ಟಿಲ ಮೇಲೆ ಕುಸಿದು ಕೂತ.