ಎದುರು ಮನೆಯ ಬಿಸಿಲು

ಬೆಳಗ್ಗೆ ಕಂಪ್ಯೂಟರ್ ತೆರೆದ ಅಕ್ಕ ಮೊದಲು ಕನ್ನಡಕ ಒರೆಸಿಕೊಂಡಳು. ಕಂಡದ್ದು ಬದಲಾಗಲಿಲ್ಲ. ಮನೆ ಕೊಳ್ಳುವವರಿಗಾಗಿ ಅವಳು ಬರೆಯುತ್ತಿದ್ದ ಬ್ಲಾಗು ಸರ್ಚ್‌ನ ಮೊದಲ ಪುಟದಿಂದ ಮಾಯವಾಗಿತ್ತು. ಎರಡನೆಯ ಪುಟದಲ್ಲಿಯೂ ಇರಲಿಲ್ಲ. ಅದರ ಪೀಠದಲ್ಲಿ ಹೆಸರೇ ಕೇಳಿರದ ಇನ್ನೊಂದು ತಾಣ ವಿರಾಜಮಾನವಾಗಿತ್ತು. ತೆರೆದು ನೋಡಿದರೆ ಮೊದಲ ಸಾಲೇ ಅವಳದು. ಮುಂದೆ ಓದಲು ಅವಳಿಗೆ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಪತ್ರಿಕೆಯ ಸಂಪಾದಕರ ಫೋನು ಬಂತು. ಬ್ಲಾಗಿನ ಬರಹಗಳೇ ಭಾನುವಾರದ ಪುರವಣಿಯಲ್ಲಿ ಅವಳ ಅಂಕಣವಾಗಿ ಅಚ್ಚಾಗುತ್ತಿದ್ದವು.

"ಓದುಗರೊಬ್ಬರು ದೂರು ಕೊಟ್ಟಿದ್ದಾರಮ್ಮ. ನಿಮ್ಮ ಲೇಖನಗಳು ನಿಮ್ಮ ಬ್ಲಾಗಿಗಿಂತ ಒಂದು ದಿನ ಮೊದಲೇ ಬೇರೆ ಕಡೆ ಬಂದಿವೆ. ನಿಮ್ಮದೇ ಅಂತ ಸಂಜೆಯೊಳಗೆ ತೋರಿಸಿ. ಇಲ್ಲಾಂದ್ರೆ ಅಂಕಣ ನಿಲ್ಲಿಸ್ಬೇಕಾಗುತ್ತೆ. ಯಾಕೆ ನಿಲ್ಲಿಸಿದ್ವಿ ಅಂತಾನೂ ಬರೀಬೇಕಾಗುತ್ತೆ."

ಫೋನಿಟ್ಟ ಅಕ್ಕ ಚಿಕ್ಕಮ್ಮನಿಗೆ ಕರೆ ಮಾಡಿದಳು.

*

ಚಿಕ್ಕಮ್ಮ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ತಾಯಿಯಿಲ್ಲದ ಅಕ್ಕ ತಮ್ಮ ಇಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವರು. ಹಿರಿಯಳನ್ನು ಅವರೂ 'ಅಕ್ಕ' ಎಂದೇ ಕರೆಯುತ್ತಿದ್ದರು. ಯಾವ ವಿಷಯಕ್ಕೂ ಅವಸರ ಪಡದಿರುವುದು ಅವರ ಸ್ವಭಾವ. ಬೆಳಗಿನ ಪ್ರಾರ್ಥನೆ ಮುಗಿಸಿಯೇ ಹೊರಟು ಬಂದಿದ್ದರು.

ಮೇಜಿನ ಈ ಬದಿಗೆ ಅಕ್ಕ, ಆ ಬದಿಗೆ ತಮ್ಮ. ಬರೆಯುವವಳು ಅವಳು, ಬರೆದದ್ದನ್ನು ಜನರ ಕಣ್ಣಿಗೆ ತಲುಪಿಸುವವನು ಅವನು. ಮನೆ ಹುಡುಕುವವರು ಯಾವ ಮಾತಿನಲ್ಲಿ ಹುಡುಕುತ್ತಾರೆ, ಯಾವ ಶೀರ್ಷಿಕೆ ಕೊಟ್ಟರೆ ಪುಟ ಮೇಲೇರುತ್ತದೆ ಎಂಬುದೆಲ್ಲ ಅವನಿಗೆ ಕರತಲಾಮಲಕ.

"ಯಾರ ಮೇಲೆ ಅನುಮಾನ?" ಚಿಕ್ಕಮ್ಮ ಕೇಳಿದರು.

"ಬೀಗದಕೈ ಮಾಮ," ಎಂದಳು ಅಕ್ಕ. ಸೊಂಟದಲ್ಲಿ ಬೀಗದಕೈಗೊಂಚಲು ಕಟ್ಟಿಕೊಂಡು ತಿರುಗುವ ದಲ್ಲಾಳಿಗೆ ಅದು ಅವಳಿಟ್ಟ ಹೆಸರು. "ಅವರು ಮಾರ್ತಿದ್ದ ಮನೆ ಗೋಡೆ ಒದ್ದೆ ಇದೆ ಅಂತ ಬರೆದಿದ್ದೆ. ಅವತ್ತಿಂದ ಮಾತು ಬಿಟ್ಟಿದ್ದಾರೆ. ಈ ತಾಣದ ಕೆಳಗೆ ಅವರದೇ ಜಾಹೀರಾತಿದೆ ನೋಡಿ."

"ಮತ್ತೆ ಆ ದಿನಾಂಕ?"

"ಅದೇನು ಮಹಾ ಚಿಕ್ಕಮ್ಮ," ಎಂದ ತಮ್ಮ ಪರದೆಯಿಂದ ಕಣ್ಣು ತೆಗೆಯದೆ. "ದಿನಾಂಕ ಯಾರು ಬೇಕಾದ್ರೂ ತಿದ್ದಬಹುದು."

"ಹೌದಾ?" ಎಂದಷ್ಟೇ ಹೇಳಿ ಚಿಕ್ಕಮ್ಮ ಎದ್ದರು.

*

ಬೀಗದಕೈ ಮಾಮ ಅಪರಾಧಿಯ ಹಾಗೆ ಕಾಣಲಿಲ್ಲ. ಅವಮಾನಿತನ ಹಾಗೆ ಕಂಡರು.

"ಕಳ್ಳತನಾನಾ? ಫೋನಲ್ಲಿ ಒಂದು ಫೋಟೋ ಕಳಿಸೋಕೂ ಮಗಳನ್ನ ಕೂಗ್ಬೇಕು ನಾನು. ಜಾಹೀರಾತಿಗೆ ದುಡ್ಡು ಕಟ್ತೀನಿ, ಅದು ಎಲ್ಲೆಲ್ಲಿ ಬೀಳುತ್ತೋ ದೇವರಿಗೇ ಗೊತ್ತು. ಕೋಪ ಇದೆ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ ಆ ಗೋಡೇನ ಮುಟ್ಟಿ ನೋಡ್ದೆ. ಒದ್ದೇನೇ ಇತ್ತು."

"ಅವಳು ಕೊನೆಗೆ ಬರೆದ ಮನೆಯ ಕೀ ನಿಮ್ಮ ಹತ್ರ ಇದೆಯಾ?"

"ಇದೆ. ಕೊಳ್ಳೋರು ಯಾರಾದ್ರೂ ಇದ್ದಾರಾ?"

"ಪೊಲೀಸರ ಪಿಂಚಣೀಲಿ ಬಾಗಿಲೂ ಬರಲ್ಲ. ತೋರಿಸಿ ಸಾಕು."

ಮನೆ ಮೂರನೆಯ ಮಹಡಿಯಲ್ಲಿತ್ತು. ಖಾಲಿ ಕೋಣೆಗಳಲ್ಲಿ ಸುಣ್ಣದ ವಾಸನೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ನಿಂತು, ಆ ಹೊಸ ತಾಣದ ಬರಹವನ್ನು ಫೋನಿನಲ್ಲಿ ನಿಧಾನವಾಗಿ ಓದಿದರು. 'ಒಲೆಯ ಮುಂದೆ ನಿಂತವಳ ಬಳೆಗಳ ಮೇಲೆ ಬೆಳಗಿನ ಬಿಸಿಲು ಬಂದು ಕೂರುತ್ತದೆ.' ವಾಕ್ಯ ಸೊಗಸಾಗಿತ್ತು. ಅವರು ತಮ್ಮ ಕೈ ಚಾಚಿ ನೋಡಿದರು. ಹೊರಗೆ ಬೆಳಗು ಥಳಥಳಿಸುತ್ತಿದ್ದರೂ ಬಳೆಗಳ ಮೇಲೆ ಬಿಸಿಲಿರಲಿಲ್ಲ. ಬಿಸಿಲು ಇದ್ದದ್ದು ಮನೆಯ ಆ ತುದಿಯಲ್ಲಿ, ಮಲಗುವ ಕೋಣೆಯ ನೆಲದ ಮೇಲೆ.

ಅಕ್ಕನ ಬ್ಲಾಗನ್ನು ತೆರೆದರು. 'ಬೆಳಗಿನ ಬಿಸಿಲು ಮಲಗುವ ಕೋಣೆಗೆ. ಅಡುಗೆಮನೆಗೆ ಬರುವುದು ಸಂಜೆಯದು,' ಎಂದಿತ್ತು. ಉಳಿದ ಸಾಲುಗಳೆಲ್ಲ ಎರಡೂ ಕಡೆ ಒಂದೇ.

"ಈ ಮನೆಗೆ ನಕ್ಷೆ ಇದೆಯಾ?"

"ಇದೆ, ಆದ್ರೆ ಇದರದ್ದಲ್ಲ," ಎಂದರು ಮಾಮ. "ಬಿಲ್ಡರು ಎದುರು ಮನೆ ನಕ್ಷೆ ಒಂದನ್ನೇ ಕೊಟ್ಟಿರೋದು. ಇದು ಅದರ ಕನ್ನಡಿ ಇದ್ದಂಗೆ. ಅಲ್ಲಿ ಎಡಕ್ಕಿರೋದು ಇಲ್ಲಿ ಬಲಕ್ಕೆ."

ಚಿಕ್ಕಮ್ಮ ಕಾರಿಡಾರಿಗೆ ಬಂದರು. ಎದುರು ಮನೆಯ ಬಾಗಿಲು ತೆರೆದಿತ್ತು. ಒಳಗೆ ಯಾರೋ ಹೆಂಗಸು ಒಲೆಯ ಮುಂದೆ ನಿಂತಿದ್ದಳು. ಬಿಸಿಲು ಅವಳ ಮೊಣಕೈವರೆಗೆ ಬಂದಿತ್ತು. ಅದನ್ನು ನೋಡುತ್ತ ಚಿಕ್ಕಮ್ಮ ಬಹಳ ಹೊತ್ತು ನಿಂತರು. ಸತ್ಯ ಸಿಕ್ಕಾಗ ಆಗುವ ಸಂತೋಷ ಈ ಸಲ ಅವರಿಗೆ ಆಗಲಿಲ್ಲ.

*

"ಅಕ್ಕ, ನೀನು ಮನೆ ನೋಡಿದ ಮೇಲೆ ಬರೀತೀಯೋ, ಮೊದಲೇ ಬರೀತೀಯೋ?" ಹಿಂತಿರುಗಿ ಬಂದ ಚಿಕ್ಕಮ್ಮ ಕೇಳಿದರು.

"ಎರಡೂ. ಹಿಂದಿನ ದಿನ ನಕ್ಷೆ ಇಟ್ಕೊಂಡು ಒಂದು ಕರಡು ಬರೀತೀನಿ. ಮಾರನೇ ದಿನ ಮನೆ ನೋಡಿ ತಿದ್ದಿ, ಆಮೇಲೆ ಹಾಕ್ತೀನಿ. ಯಾಕೆ?"

"ಈ ಬಳೆ, ಬಿಸಿಲು ಅಂತ ಏನೋ ಬರೆದಿದ್ಯಲ್ಲ?"

ಅಕ್ಕ ಹುಬ್ಬು ಗಂಟಿಕ್ಕಿದಳು. "ಅದು ಕರಡಿನಲ್ಲಿತ್ತು. ನಕ್ಷೆ ಎದುರು ಮನೇದು ಅಂತ ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು, ಹೊಡೆದುಹಾಕಿದೆ. ನಿಮಗೆ ಹೇಗೆ ಗೊತ್ತು?"

"ಆ ತಾಣದಲ್ಲಿ ಓದಿದೆ."

ತಮ್ಮನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು.

ಚಿಕ್ಕಮ್ಮ ದನಿ ಏರಿಸಲಿಲ್ಲ. "ನೀನು ಪ್ರಕಟಿಸಿದ್ದನ್ನ ಕದ್ದಿದ್ರೆ, ಸರಿಯಾದ ಮಾತೇ ಅಲ್ಲಿರ್ತಿತ್ತು. ಕದ್ದವನು ಸರಿ ಇದ್ದದ್ದನ್ನ ತಪ್ಪು ಮಾಡ್ಕೊಂಡು, ಅದೂ ನೀನು ಮೊದಲು ಮಾಡಿದ ತಪ್ಪನ್ನೇ ಮಾಡೋಕೆ ಸಾಧ್ಯ ಇಲ್ಲ. ಅವನ ಕೈಗೆ ಸಿಕ್ಕಿದ್ದು ಕರಡು. ಅಂದ್ಮೇಲೆ ಆ ದಿನಾಂಕ ಸುಳ್ಳಲ್ಲ. ನೀನು ತಿದ್ದೋ ಮೊದಲೇ ಅದು ನಿಜವಾಗ್ಲೂ ಅಲ್ಲಿ ಬಂದಿತ್ತು. ಸರ್ಚ್ ಮಾಡೋ ಯಂತ್ರ ಮೊದಲು ಅದನ್ನ ನೋಡ್ತು, ಅದೇ ಮೂಲ ಅಂದ್ಕೊಳ್ತು, ನಿನ್ನದನ್ನ ನಕಲು ಅಂತ ಕೆಳಗೆ ತಳ್ಳಿತು. ದಿನಾಂಕ ತಿದ್ದಿದ್ದು ಅಂತ ನಾವು ನಂಬಿದ್ರೆ ಇದ್ಯಾವುದೂ ತಿಳೀತಿರ್ಲಿಲ್ಲ. ಹಾಗೆ ನಂಬಿಸೋಕೆ ಬೆಳಗ್ಗೆ ಒಬ್ಬ ನೋಡ್ದ." ಅವರು ತಿರುಗಿದರು. "ಕರಡು ಯಾರಿಗೆ ಕಳಿಸ್ತೀಯ, ಅಕ್ಕ?"

ಅಕ್ಕ ತಮ್ಮನ ಕಡೆ ತಿರುಗಿದಳು. ಶೀರ್ಷಿಕೆ ಸಿದ್ಧಪಡಿಸಲೆಂದು ಕರಡು ಪ್ರತಿಸಲವೂ ಹೋಗುತ್ತಿದ್ದದ್ದು ಮೇಜಿನ ಆ ಬದಿಗೆ ಮಾತ್ರ.

"ಒಂದು ವಾರ ಅಂದ್ಕೊಂಡಿದ್ದೆ," ಎಂದ ತಮ್ಮ. "ನೀನು ಕೆಳಗೆ ಬೀಳ್ತೀಯ, ನನ್ನ ಕರೀತೀಯ, ನಾನು ಮೇಲೆತ್ತುತ್ತೀನಿ. ಅಷ್ಟೇ. ಪತ್ರಿಕೆಗೆ ಯಾರೋ ದೂರು ಕೊಡ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ಯಾಕೋ?"

"ಪತ್ರಿಕೆಯವರು ಬಂದು ನಿನ್ನ ಫೋಟೋ ತೆಗೆದ್ರಲ್ಲ, ಅವತ್ತು ನನ್ನ ಕೆಲಸ ಏನು ಅಂತ ಕೇಳಿದ್ರು. 'ಯಂತ್ರಕ್ಕೆ ಬೆಣ್ಣೆ ಹಚ್ತಾನೆ' ಅಂದೆ ನೀನು. ಎಲ್ಲರೂ ನಕ್ಕರು."

"ತಮಾಷೆಗೆ ಅಂದಿದ್ದು ಕಣೋ."

"ಗೊತ್ತು. ನಾನೂ ನಕ್ಕೆ."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಯಾವ ಮನೆಯ ಬಿರುಕೂ ತಪ್ಪಿಸಿಕೊಳ್ಳದ ಕಣ್ಣು ಅವಳದು. ಮೇಜಿನಾಚೆಯದು ಅವಳಿಗೆ ಕಂಡಿರಲಿಲ್ಲ. ಚಿಕ್ಕಮ್ಮನಿಗೂ ಕಂಡಿರಲಿಲ್ಲ. ಆದರೂ ಅವರು ಮಾತನ್ನು ಮೃದುಗೊಳಿಸಲಿಲ್ಲ.

"ನೋವಾಗಿದ್ದು ನಿಜ ಇರ್ಬಹುದು, ಮಗು. ಆದ್ರೆ ನೀನು ಅವಳನ್ನ ಕಳ್ಳಿ ಮಾಡ್ದೆ. ಬೆಳಗಿಂದ ನೋಡ್ಕೊಂಡು ಸುಮ್ನೆ ಕೂತಿದ್ದೆ. ಫೋನ್ ತಗೋ."

ಅವನು ಸಂಪಾದಕರಿಗೆ ಫೋನು ಮಾಡಿದ. ಕಾರಣ ಹೇಳಲಿಲ್ಲ, ನೆಪ ಹೂಡಲಿಲ್ಲ. "ಅವರ ತಮ್ಮ ಮಾತಾಡ್ತಿರೋದು. ಬರಹ ಅವರದು. ಕದ್ದೋನು ನಾನು," ಎಂದ. ಆಚೆಯ ದನಿಯನ್ನು ತಲೆತಗ್ಗಿಸಿ ಕೊನೆಯವರೆಗೂ ಕೇಳಿದ. ಆಮೇಲೆ ಆ ತಾಣವನ್ನು ಅವರಿಬ್ಬರ ಎದುರೇ ಅಳಿಸಿದ.

"ಅಂಕಣ ಇರುತ್ತಂತೆ," ಎಂದ. "ಆದ್ರೆ ಬ್ಲಾಗು ಮತ್ತೆ ಮೇಲೆ ಬರೋಕೆ ತಿಂಗಳುಗಟ್ಟಲೆ ಬೇಕು. ಬೇರೆ ಯಾರನ್ನಾದ್ರೂ ನೋಡ್ಕೋ ಅಕ್ಕ."

ಅಕ್ಕ ನಾಳೆಯ ಮನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು.

"ಇಷ್ಟು ಜನಕ್ಕೆ ಮನೆ ದಾರಿ ತೋರಿಸ್ದೆ," ಎಂದಳು. "ಒಂದು ಮನೆಯಾದ್ರೂ ಕಣ್ಣಾರೆ ನೋಡಿದ್ದೀಯೇನೋ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಕರಡು ಇನ್ನು ನಿನಗೆ ಕಳ್ಸಲ್ಲ. ನಾಳೆ ಬೆಳಗ್ಗೆ ನನ್ನ ಜೊತೆ ಬಾ. ಬಿಸಿಲು ಎಲ್ಲಿ ಬೀಳುತ್ತೆ ಅಂತ ಇಬ್ಬರೂ ನೋಡಿ, ಆಮೇಲೆ ಬರೆಯೋಣ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಚಿಕ್ಕಮ್ಮ ಚೀಲ ಎತ್ತಿಕೊಂಡು, ಬಾಗಿಲನ್ನು ಮುಚ್ಚದೆ ಹೊರಟರು.