ಪೀಕಿಂಗಿನಿಂದ ಬಂದ ಬಾವ

ರೈಲಿನಿಂದ ಇಳಿದವನು ಬಾವನೇ. ಆದರೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದ!

ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ಅಪ್ಪನ ಪಕ್ಕ ಕಾದು ನಿಂತಿದ್ದ ರತ್ನಳ ಎದೆ ಧಸಕ್ಕೆಂದಿತು. ಎರಡು ವರ್ಷ... ಈ ಮುಖ ನೋಡಲು ಎರಡು ವರ್ಷ ಕಾದಿದ್ದಳು.

"ಚೆನ್ನಾಗಿದೀಯಾ ರತ್ನ?"

ಅಷ್ಟೇ. ನಗಲಿಲ್ಲ. ಅವಳ ಕಡೆ ಸರಿಯಾಗಿ ನೋಡಲೂ ಇಲ್ಲ. ಟ್ರಂಕು ಎತ್ತಿಕೊಂಡು ಗಾಡಿಯತ್ತ ನಡೆದೇಬಿಟ್ಟ.

ಅಶ್ವತ್ಥ ಅವಳ ಸೋದರತ್ತೆಯ ಮಗ. ತಾಯಿ ತೀರಿಕೊಂಡ ಮೇಲೆ ದಿಬ್ಬೂರಹಳ್ಳಿಯ ಈ ಮಾವನ ಮನೆಯಲ್ಲೇ ಬೆಳೆದವನು. ರತ್ನ ಅವನಿಗೇ ಎಂದು ಹಿರಿಯರು ಎಂದೋ ಮಾತಾಡಿಕೊಂಡಿದ್ದರು. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಚೀನಾ ಭಾಷೆ ಕಲಿಯಲು ಸಾವಿರದ ಒಂಬೈನೂರ ಐವತ್ತೈದರಲ್ಲಿ ಪೀಕಿಂಗಿಗೆ ಹೋದ. ಹೋಗುವಾಗ ಮನೆ ತುಂಬಾ ನಗಿಸಿ ಹೋದವನು, ಬರುವಾಗ ಮೂಗನಾಗಿ ಬಂದಿದ್ದ.

ರತ್ನಳ ದೊಡ್ಡಮ್ಮ ಅಕ್ಕಯ್ಯಮ್ಮನಿಗೆ ಇಷ್ಟು ಸಾಕಾಯಿತು. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ ಶುರುಮಾಡಿದಳು.

"ಅವ್ನು ಏನೋ ಮುಚ್ಚಿಡ್ತಾವ್ನೆ ಕಣೇ. ಬಾಯಿ ಬಿಟ್ರೆ ಎಲ್ಲಿ ಗುಟ್ಟು ಬಿದ್ದೋಗುತ್ತೋ ಅಂತ ಬಾಯಿಗೇ ಬಟ್ಟೆ!"

"ಬಿಡು ದೊಡ್ಡಮ್ಮ, ಪ್ರಯಾಣದ ಆಯಾಸ."

"ವಾರ ಆಯ್ತಮ್ಮ! ಯಾವ ಆಯಾಸ? ಅಲ್ಲೇ ಯಾರನ್ನೋ ಕಟ್ಕೊಂಡಿರ್ತಾನೆ."

ರತ್ನ ಬಾಯಿಮಾತಿಗೆ ದೊಡ್ಡಮ್ಮನನ್ನು ಬೈದಳು. ಆದರೆ ಅನುಮಾನ ಒಳಗೆ ಹೊಕ್ಕೇಬಿಟ್ಟಿತ್ತು.

ಆಮೇಲೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ! ಅವನಿಗೆ ಪ್ರಾಣವಾಗಿದ್ದ ನಿಪ್ಪಟ್ಟು ಕರಿದು ಕೊಟ್ಟಳು. "ಆಮೇಲೆ ತಿಂತೀನಿ" ಎಂದು ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿಗೆ ಅದನ್ನು ಕೋಳಿಗಳು ಕುಕ್ಕುತ್ತಿದ್ದವು. ಮುದ್ದೆ, ಸಾರು ಮಾತ್ರ ತಲೆ ಬಗ್ಗಿಸಿ ಸದ್ದಿಲ್ಲದೆ ನುಂಗುತ್ತಿದ್ದ.

'ನನ್ನ ಕೈಯಡುಗೆ ಬೇಡವಾಯಿತೇ? ಅಲ್ಲಿ ಯಾರ ಕೈರುಚಿ ಹತ್ತಿದೆಯೋ...' ಅಂದು ರತ್ನ ಕೋಳಿಗಳನ್ನೂ ಬೈದಳು, ಪಾಪ.

ಮದುವೆ ಮಾತು ಎತ್ತಿದರೆ ಒಂದೇ ಉತ್ತರ. "ಇನ್ನೊಂದು ಸ್ವಲ್ಪ ದಿನ ಹೋಗ್ಲಿ ಮಾವ." ಅದೂ ಗೋಡೆ ಕಡೆ ತಿರುಗಿಕೊಂಡು!

ಜೊತೆಗೆ ಪ್ರತಿ ಗುರುವಾರ ಚಿಕ್ಕಬಳ್ಳಾಪುರದ ಬಸ್ಸು ಹತ್ತುತ್ತಿದ್ದ. ಏಕೆಂದು ಯಾರಿಗೂ ಹೇಳಲಿಲ್ಲ. ಬಸ್ಸಿನ ಕಂಡಕ್ಟರ್ ಕೊಂಡಪ್ಪ ಒಂದು ದಿನ ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ ಸಿಡಿಲಿನಂಥ ಸುದ್ದಿ ಹೇಳಿದ.

"ನಿಮ್ಮ ಹುಡುಗ ಬಜಾರು ಹಿಂದಿನ ಬೀದೀಲಿ ಚೀನಾದವರ ಮನೆಗೆ ಹೋಗ್ತಾನಲ್ಲಣ್ಣ. ಕಲ್ಕತ್ತಾದಿಂದ ಬಂದವ್ರಂತೆ. ಬಾಗಿಲಲ್ಲಿ ಬೆಳ್ಳಗೆ ಒಬ್ಳು ಹುಡ್ಗಿ ನಿಂತಿರ್ತಾಳೆ."

ರತ್ನ ಮಜ್ಜಿಗೆ ಚೊಂಬನ್ನು ಜಗುಲಿಯ ಮೇಲೆ ಕುಕ್ಕಿದಳು. ಅವಳ ತಂದೆ ವೆಂಕಟರಾಮಪ್ಪನವರ ಮುಖ ಕಪ್ಪಿಟ್ಟಿತು.

"ಸಾಕಪ್ಪ ಕಾದಿದ್ದು. ಗೌರಿಬಿದನೂರಿನವರು ಹೆಣ್ಣು ಕೇಳ್ತಾನೇ ಅವ್ರೆ. ಶುಕ್ರವಾರ ಹೋಗಿ ತಾಂಬೂಲ ಬದಲಾಯಿಸ್ಕೊಂಡು ಬರ್ತೀನಿ."

ರತ್ನ ಅಳಲಿಲ್ಲ. ಅತ್ತರೆ ಅದೆಲ್ಲ ನಿಜವೆಂದು ಒಪ್ಪಿಕೊಂಡಂತೆ! 'ಮೋಸ ಮಾಡಿದ್ದರೆ ನನ್ನ ಕಣ್ಣಾರೆ ನೋಡಿಯೇ ಬಿಡುತ್ತೇನೆ' ಎಂದುಕೊಂಡಳು. ಗುರುವಾರ ಅವನು ಹೋದ ಮೇಲೆ, ಬಳೆ ತೊಡಿಸಿಕೊಳ್ಳುವ ನೆಪ ಹೇಳಿ ಅಕ್ಕಯ್ಯಮ್ಮನನ್ನು ಕರೆದುಕೊಂಡು ಮುಂದಿನ ಬಸ್ಸು ಹತ್ತಿದಳು.

ಚೀನಾದವರ ಮನೆ ಸುಲಭವಾಗಿ ಸಿಕ್ಕಿತು. ಬೆಳ್ಳಗಿನ ಹುಡುಗಿಯೂ ಬಾಗಿಲಲ್ಲೇ ಇದ್ದಳು. ತುಂಬು ಬಸುರಿ!

"ಅಯ್ಯೋ ದೇವರೇ!" ಅಕ್ಕಯ್ಯಮ್ಮ ಎದೆ ಬಡಿದುಕೊಂಡಳು.

ರತ್ನ ಸಿಟ್ಟಿನಲ್ಲಿ ಆ ಹುಡುಗಿಯನ್ನು ದಾಟಿ, ಪರದೆ ಸರಿಸಿ ಒಳಗೆ ನುಗ್ಗಿದಳು.

ಎತ್ತರದ ಕುರ್ಚಿಯಲ್ಲಿ ಅಶ್ವತ್ಥ ಒರಗಿದ್ದ. ಬಿಳಿ ಕೋಟಿನ ಚೀನಿ ಗಂಡಸೊಬ್ಬ ಅವನ ಬಾಯೊಳಗೆ ಬಗ್ಗಿ ನೋಡುತ್ತಿದ್ದ. ಗಾಜಿನ ಬೀರುವಿನ ತುಂಬಾ ಹಲ್ಲಿನ ಸೆಟ್ಟುಗಳು.

"ರತ್ನ!"

ಅವನು ಬಾಯಿ ಮುಚ್ಚಿಕೊಳ್ಳುವುದು ತಡವಾಯಿತು. ಮುಂದಿನ ಎರಡು ಹಲ್ಲು ಇರಲಿಲ್ಲ.

ರತ್ನ ಆಗಲೂ ಅನುಮಾನ ಬಿಡಲಿಲ್ಲ. "ಯಾಕೆ ಸುಮ್ಮನಾದ್ರಿ? ಚೀನಾ ಭಾಷೇಲೇ ಮಾತಾಡ್ಕೊಳ್ಳಿ. ನಮಗೆ ತಿಳಿಯಲ್ವಲ್ಲ!"

ಹಲ್ಲಿನ ಡಾಕ್ಟರ್ ನಕ್ಕುಬಿಟ್ಟ. "ನಮ್ಮ ಮನೆ ಮಾತು ಬೇರೆ ಅಮ್ಮ, ಇವ್ರು ಕಲ್ತಿರೋ ಪೀಕಿಂಗ್ ಮಾತು ಬೇರೆ. ನಂಗೆ ತಿಳಿಯಲ್ಲ. ನಾವಿಬ್ರೂ ಈ ಕಡೆಯ ತೆಲುಗಲ್ಲೇ ಮಾತಾಡೋದು. ಹೊರಗೆ ಇರೋದು ನನ್ನ ಹೆಂಡ್ತಿ."

ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಆ ಹುಡುಗಿಗೆ ಎಷ್ಟು ತಿಂಗಳೆಂದು ವಿಚಾರಿಸಲು ಹೊರಗೆ ಹೋದಳು.

"ಏನಾಯ್ತು ಬಾವ?"

"ಅಲ್ಲಿ ಚಳಿಗಾಲಕ್ಕೆ ಕೆರೆ ಮಂಜುಗಡ್ಡೆ ಆಗುತ್ತೆ. ಜೊತೆಯವರೆಲ್ಲ ಅದರ ಮೇಲೆ ಜಾರ್ತಿದ್ರು. ನಾನೂ ಹೋದೆ. ಮಕಾಡೆ ಬಿದ್ದೆ." ತಲೆ ತಗ್ಗಿಸಿದ. "ಅಲ್ಲಿ ಕಟ್ಟಿಸಿದ ಹಲ್ಲು ಅಲ್ಲಾಡುತ್ತೆ. ನಕ್ರೆ ಬಿದ್ದೋಗುತ್ತೆ, ಏನೂ ಕಚ್ಚೋಕಾಗಲ್ಲ. ಬೇರೆ ಕಟ್ಟಿಸ್ಕೊಂಡ ಮೇಲೆ ಮದುವೆ ಮಾತಾಡೋಣ ಅಂತ..."

"ಇದನ್ನ ನನಗೆ ಹೇಳೋಕೇನು?"

"ನೀನು ಬೇಡ ಅಂದ್ಬಿಟ್ರೆ?"

ಆಗ ಬಂತು ನೋಡಿ ಅವಳಿಗೆ ನಿಜವಾದ ಸಿಟ್ಟು! ತಿಂಗಳೆಲ್ಲ ಇವನನ್ನು ಅನುಮಾನಿಸಿ ತಾನು ಬೆಂದಿದ್ದಳು. ಇವನೋ, ಹೊರಟ ದಿನದಿಂದ ಕಾದಿದ್ದವಳನ್ನೇ ಅನುಮಾನಿಸಿದ್ದ!

"ಎರಡು ಹಲ್ಲಿಗೆ ನಿಮ್ಮನ್ನ ಬಿಟ್ಟುಬಿಡ್ತೀನಾ? ನನ್ನ ಇಷ್ಟೇನಾ ತಿಳ್ಕೊಂಡಿದ್ದು? ನಾಳೆ ಅಪ್ಪ ಗೌರಿಬಿದನೂರಿಗೆ ಹೊರಟಿದ್ದಾರೆ, ನನ್ನ ಬೇರೆಯವರಿಗೆ ಕೊಡೋಕೆ. ಗೊತ್ತಾ?"

ಅಶ್ವತ್ಥ ಬಿಳಿಚಿಕೊಂಡ. ಹೊಸ ಹಲ್ಲಿಗೆ ಇನ್ನೂ ಒಂದು ವಾರ ಬೇಕಿತ್ತು. ಹಳೆಯದು ಡಾಕ್ಟರ ತಟ್ಟೆಯಲ್ಲಿತ್ತು. ಅದನ್ನು ಮುಟ್ಟದೆ ಎದ್ದು ನಿಂತ.

"ನಡಿ, ಹೋಗಣ."

ಸಂಜೆ ವೆಂಕಟರಾಮಪ್ಪನವರು ಜಗುಲಿಯಲ್ಲಿ ನೆಂಟರೊಂದಿಗೆ ಕೂತಿದ್ದರು. ಅಶ್ವತ್ಥ ಎಲ್ಲರೆದುರು ನಿಂತ. ಬಾಯಿಗೆ ಬಟ್ಟೆ ಇರಲಿಲ್ಲ.

"ಮಾವ, ತಪ್ಪು ನಂದೇ. ಬಿದ್ದು ಹಲ್ಲು ಹೋಯ್ತು, ನಾಚಿಕೆಗೆ ಮುಚ್ಚಿಟ್ಟೆ. ಗೌರಿಬಿದನೂರಿಗೆ ಹೋಗ್ಬೇಡಿ. ರತ್ನನ್ನ ನನಗೇ ಕೊಡಿ."

ಮಾತಿನ ನಡುವೆ ಗಾಳಿ ಸುಯ್ಯೆನ್ನುತ್ತಿತ್ತು. ನೆಂಟರು ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು. ಆದರೂ ಬಾಯಿ ಮುಚ್ಚಿಕೊಳ್ಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಬಾಗಿಲ ಹಿಂದೆ ರತ್ನಳ ಕಣ್ಣು ತುಂಬಿ ಬಂತು. ಅವನನ್ನು ಇಷ್ಟು ಎಂದೂ ಪ್ರೀತಿಸಿರಲಿಲ್ಲ.

ವೆಂಕಟರಾಮಪ್ಪನವರು ಅವನನ್ನೇ ದಿಟ್ಟಿಸಿದರು. "ಥೂ ಬಡವಾ! ಇಷ್ಟಕ್ಕೆ ಮನೆಮಂದಿ ಪ್ರಾಣ ತಿಂದ್ಯಲ್ಲೋ! ಹೋಗು, ಕೈಕಾಲು ತೊಳ್ಕೊಂಡು ಬಾ. ಜೋಯಿಸರಿಗೆ ಹೇಳಿ ಕಳಿಸ್ತೀನಿ."

ಬಚ್ಚಲ ಬಳಿ ಅವನ ಕಾಲಿಗೆ ನೀರು ಹಾಕುತ್ತಾ ರತ್ನ ಮೆಲ್ಲಗೆ ಕೇಳಿದಳು. "ಅಲ್ಲಿ ಯಾರ ಜೊತೆ ಮಾತಾಡಿ ಮಾತಾಡಿ ಚೀನಾ ಭಾಷೆ ಕಲಿತ್ರಿ?"

"ಇನ್ನೂ ಅನುಮಾನಾನಾ?"

"ಹೇಳಿ ಅಂದ್ರೆ."

"ನಿನ್ನ ಜೊತೇಲೇ. ರೂಮಲ್ಲಿ ಗೋಡೆ ಮುಂದೆ ನಿಂತು, ನೀನು ಎದುರಿಗಿದೀಯ ಅಂತ ಅಂದ್ಕೊಂಡು ಎಲ್ಲಾ ಮಾತೂ ನಿನಗೇ ಹೇಳ್ತಿದ್ದೆ. ನೀನು ಮಾತ್ರ ಒಂದಕ್ಕೂ ಉತ್ತರ ಕೊಡ್ತಿರ್ಲಿಲ್ಲ."

ರತ್ನ ಚೊಂಬು ಕೆಳಗಿಟ್ಟಳು.

"ಈಗ ಕೇಳಿ. ಕೊಡ್ತೀನಿ."

ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು, ಚೀನಾ ಭಾಷೆಯಲ್ಲಿ ನಿಧಾನವಾಗಿ ಏನೋ ಕೇಳಿದ.

"ಹೂಂ," ಎಂದಳು ರತ್ನ.

"ಏನು ಕೇಳ್ದೆ ಅಂತ ಗೊತ್ತಾಯ್ತಾ?"

"ಒಂದಕ್ಷರಾನೂ ಗೊತ್ತಾಗ್ಲಿಲ್ಲ ಬಾವ... ಆದ್ರೂ ಹೂಂ!"